ಕಲ್ಲಿನ ಗುಣವೋ, ಕಲ್ಮಶವೋ? ಸರ್ ಸಿ. ವಿ. ರಾಮನ್ ಬದುಕು ಕಲಿಸುವ ಅಳತೆಯ ಪಾಠ



ಪ್ರತಿವರ್ಷ ಫೆಬ್ರವರಿ 28 ಬಂತೆಂದರೆ ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನದ ಸಂಭ್ರಮ. 1928ರ ಅದೇ ದಿನ ಕಲ್ಕತ್ತದಲ್ಲಿ ಸರ್ ಚಂದ್ರಶೇಖರ ವೆಂಕಟ ರಾಮನ್ ಅವರು ಇಂದು ತಮ್ಮ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಪರಿಣಾಮವನ್ನು ಕಂಡುಕೊಂಡರು. ಅದರ ನೆನಪಿಗಾಗಿ 1987ರಿಂದ ದೇಶವಿಡೀ ಈ ದಿನವನ್ನು ಆಚರಿಸುತ್ತಿದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕಾರ್ಯಕ್ರಮಕ್ಕಾಗಿ, ಶಿಕ್ಷಕ ಮಿತ್ರರೊಬ್ಬರ ಆಹ್ವಾನದ ಮೇರೆಗೆ, ನಾವು ಘಟ್ಟ ಹತ್ತಿ ತುಮಕೂರು ಜಿಲ್ಲೆಯ ಉತ್ತರ ಭಾಗಕ್ಕೆ ಹೋಗಿದ್ದೆವು. ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲೂಕುಗಳು ಸೇರಿದ ಈ ಪ್ರದೇಶವನ್ನು ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತದೆ. ತೆಂಗು, ಕಂಗು, ತೇವದ ಗಾಳಿಗೆ ಒಗ್ಗಿಹೋದ ನಮ್ಮ ಕಣ್ಣಿಗೆ ಅಲ್ಲಿನ ಒಣಗಾಳಿ, ಕಡಲೆಕಾಯಿ ಹೊಲ, ಮಧುಗಿರಿಯ ಬೃಹತ್ ಏಕಶಿಲಾ ಬೆಟ್ಟ ಎಲ್ಲವೂ ಹೊಸತಾಗಿದ್ದವು.

ಭಾಷಣಗಳು ಮುಗಿದ ಮೇಲೆ ಪ್ರೌಢಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಎಲ್ಲರೂ ರಾಮನ್ ಅವರ ಗೆಲುವಿನ ಬಗ್ಗೆಯೇ ಹೇಳಿದಿರಿ, ಅವರು ಒಂದು ಸಲವೂ ತಪ್ಪು ಮಾಡಲಿಲ್ಲವೇ ಎಂದು ಕೇಳಿದಳು. ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ನಾವೂ ನಕ್ಕು ಸುಮ್ಮನಾದೆವು. ಸರಿಯಾದ ಉತ್ತರ ನಮ್ಮ ಬಳಿ ಇರಲಿಲ್ಲ ಎಂಬುದೇ ನಿಜ. ಊರಿಗೆ ಮರಳಿದ ನಂತರ ಪುಸ್ತಕಗಳನ್ನು ತಿರುವಿಹಾಕಿದಾಗ ಆ ಮಗುವಿನ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯಿತು. ತಡವಾಗಿಯಾದರೂ ಈ ಲೇಖನ ಅವಳಿಗೆ ನಾವು ಕೊಡುವ ಉತ್ತರ.

ಪಟ್ಟಕದ ಮುಂದೆ ಹುಡುಗ

ರಾಮನ್ ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಬಾಲಕ ರಾಮನ್ ಓದಿದ್ದು ಅಲ್ಲಿನ ಸಂತ ಅಲೋಶಿಯಸ್ ಶಾಲೆಯಲ್ಲಿ. ಹೆಸರು ಕೇಳಿದರೆ ನಮ್ಮ ಮಂಗಳೂರಿನವರಿಗೆ ತಮ್ಮದೇ ಎನಿಸೀತು, ಆದರೆ ಇದು ಪೂರ್ವ ಕರಾವಳಿಯ ಶಾಲೆ. 11ನೆಯ ವಯಸ್ಸಿಗೇ ಮೆಟ್ರಿಕ್ ಮುಗಿಸಿದ ಈ ಹುಡುಗ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು.

ಆ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಕದ ಕೋನ ಅಳೆಯುವುದು ಮಾಮೂಲಿ ಪಾಠ. ಸ್ಪೆಕ್ಟ್ರೋಮೀಟರಿನಲ್ಲಿ ಕೋನ ನೋಡಿ, ಪುಸ್ತಕದಲ್ಲಿ ಬರೆದು, ಅಂಕ ತೆಗೆದುಕೊಂಡು ಹೋದರೆ ಮುಗಿಯಿತು. ರಾಮನ್ ಅವರಿಗೆ ಮಾತ್ರ ಬೆಳಕಿನ ಗೆರೆಯ ಎರಡು ಪಕ್ಕಗಳಲ್ಲಿ ಕಾಣುವ ಪಟ್ಟೆಗಳು ಒಂದೇ ಸಮನಾಗಿಲ್ಲ ಎಂಬುದು ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಉಪಕರಣದ ದೋಷವೆಂದು ಬಿಟ್ಟುಬಿಡುತ್ತಿದ್ದರು. ಇವರು ಅದರ ಹಿಂದೆಯೇ ಹೋದರು. ಬೆಳಕು ಓರೆಯಾಗಿ ಬಿದ್ದಾಗ ಪಟ್ಟೆಗಳು ಹಾಗೆಯೇ ಇರಬೇಕಾದದ್ದು ಎಂದು ಸಾಧಿಸಿ 1906ರ ನವೆಂಬರಿನಲ್ಲಿ ಲಂಡನ್ನಿನ ಪ್ರಸಿದ್ಧ ಪತ್ರಿಕೆ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಪ್ರಬಂಧ ಪ್ರಕಟಿಸಿದರು. ಆಗ ಅವರಿಗೆ 18 ವರ್ಷ.

ಓದುಗರು ಈ ಸಣ್ಣ ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. ಕಂಡದ್ದು ವಸ್ತುವಿನ ಗುಣವೋ, ಉಪಕರಣದ ದೋಷವೋ, ಮಧ್ಯೆ ಸೇರಿಕೊಂಡ ಕಲ್ಮಶದ ಕೆಲಸವೋ ಎಂಬ ಪ್ರಶ್ನೆ ಅವರ ಬದುಕಿನುದ್ದಕ್ಕೂ ಬೆನ್ನು ಬಿಡಲಿಲ್ಲ.

ಸಮುದ್ರದ ನೀಲಿ

1907ರಲ್ಲಿ ಲೋಕಸುಂದರಿ ಅವರೊಡನೆ ವಿವಾಹ. ಅದೇ ವರ್ಷ ಹಣಕಾಸು ಇಲಾಖೆಯಲ್ಲಿ ಹುದ್ದೆ ಪಡೆದು ಕಲ್ಕತ್ತಕ್ಕೆ ಪಯಣ. ಹಗಲೆಲ್ಲ ಸರಕಾರದ ಲೆಕ್ಕಪತ್ರ, ಬೆಳಿಗ್ಗೆ ಮತ್ತು ಸಂಜೆ ಬೌಬಜಾರ್ ಬೀದಿಯ ಭಾರತೀಯ ವಿಜ್ಞಾನ ಪ್ರೋತ್ಸಾಹಕ ಸಂಘದ ಪ್ರಯೋಗಾಲಯ. ಹತ್ತು ವರ್ಷ ಹೀಗೆ ನಡೆಸಿ, 1917ರಲ್ಲಿ ಕೈತುಂಬ ಸಂಬಳದ ಸರಕಾರಿ ನೌಕರಿ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

1921ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಶ್ವವಿದ್ಯಾಲಯಗಳ ಸಮ್ಮೇಳನ ಮುಗಿಸಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆರೆಹಿಡಿಯಿತು. ಕರಾವಳಿಯ ನಾವು ದಿನಾ ಸಮುದ್ರ ನೋಡುತ್ತೇವೆ, ಅದೇಕೆ ನೀಲಿ ಎಂದು ಎಷ್ಟು ಸಲ ಕೇಳಿಕೊಂಡಿದ್ದೇವೆ? ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುತ್ತದೆ, ಅಷ್ಟೇ ಎಂಬುದು ಅಂದಿನ ದೊಡ್ಡ ವಿಜ್ಞಾನಿ ಲಾರ್ಡ್ ರೇಲಿ ಅವರ ಅಭಿಪ್ರಾಯ. ರಾಮನ್ ಅವರು ಕಿಸೆಯಲ್ಲಿದ್ದ ನಿಕೋಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ಅಳಿಸಿಹಾಕುವ ಓರೆಯಲ್ಲಿ ನೋಡಿದರು. ಆಕಾಶದ ಪ್ರತಿಬಿಂಬ ಮಾಯವಾಯಿತು, ನೀಲಿ ಮಾತ್ರ ಇನ್ನೂ ಗಾಢವಾಯಿತು. ಆ ಬಣ್ಣ ನೀರಿನ ಅಣುಗಳೇ ಚದುರಿಸಿದ ಬೆಳಕಿನದೆಂದು ಅವರು ತೀರ್ಮಾನಿಸಿದರು.

ಇದರಲ್ಲಿ ಒಂದು ವಿಧಾನವಿದೆ. ಮೊದಲು ಮೇಲ್ಮೈ ಮಾಡುವ ಮೋಸವನ್ನು ಕಳೆಯಬೇಕು, ಆಮೇಲೆ ಉಳಿದದ್ದನ್ನು ವಸ್ತುವಿನ ಲೆಕ್ಕಕ್ಕೆ ಬರೆಯಬೇಕು. ಮೀನು ಮಾರುಕಟ್ಟೆಯಲ್ಲಿ ಬುಟ್ಟಿಯ ತೂಕ ಕಳೆಯದೆ ಮೀನಿನ ತೂಕ ಹೇಳಿದರೆ ನಮ್ಮ ತಾಯಂದಿರು ಒಪ್ಪುತ್ತಾರೆಯೇ?

ಐದು ವರ್ಷದ ಅನುಮಾನ

ಕಲ್ಕತ್ತಕ್ಕೆ ಮರಳಿದವರೇ ದ್ರವಗಳಲ್ಲಿ ಬೆಳಕು ಚದುರುವುದನ್ನು ಶಿಷ್ಯರೊಡನೆ ಅಧ್ಯಯನ ಮಾಡತೊಡಗಿದರು. 1923ರಲ್ಲಿ ಶಿಷ್ಯ ಕೆ. ಆರ್. ರಾಮನಾಥನ್ ಅವರಿಗೆ ಒಂದು ವಿಚಿತ್ರ ಕಂಡಿತು. ಒಳಗೆ ಹೋದ ಬಣ್ಣವಲ್ಲದೆ, ಅತಿ ಮಂದವಾಗಿ ಬೇರೊಂದು ಬಣ್ಣದ ಬೆಳಕೂ ಹೊರಗೆ ಬರುತ್ತಿತ್ತು. ದ್ರವದಲ್ಲಿ ಸೇರಿರುವ ಯಾವುದೋ ಕಲ್ಮಶ ಮಿನುಗುತ್ತಿರಬೇಕೆಂಬ ಅನುಮಾನ ಸಹಜವೇ. ಹಾಗಾದರೆ ಶುದ್ಧಗೊಳಿಸಿದಂತೆಲ್ಲ ಆ ಬೆಳಕು ಕಡಿಮೆಯಾಗಬೇಕು. ಗಾಳಿ ತೆಗೆದ ಗಾಜಿನ ಪಾತ್ರೆಗಳಲ್ಲಿ ದ್ರವವನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದರು. ಬೆಳಕು ಕಡಿಮೆಯಾಗಲಿಲ್ಲ.

ಅಷ್ಟಕ್ಕೇ ಗೆದ್ದೆವೆಂದು ಅವರು ಸಾರಲಿಲ್ಲ. ಒಂದೆರಡು ದ್ರವದಲ್ಲಲ್ಲ, ಹತ್ತಾರು ದ್ರವಗಳಲ್ಲಿ ನೋಡಿದರು. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ಸೇರಿ ಆ ಮಂದ ಬೆಳಕು ಧ್ರುವೀಕರಣಗೊಂಡಿದೆಯೇ ಎಂದು ಪರೀಕ್ಷಿಸಿದರು. ಕಲ್ಮಶದ ಸಾಮಾನ್ಯ ಮಿನುಗಿಗೆ ಇರದಷ್ಟು ಧ್ರುವೀಕರಣ ಅದಕ್ಕಿತ್ತು. ಇನ್ನೂ ಒಂದು ಸಂಶಯ ಉಳಿದಿತ್ತು. ಬಣ್ಣದ ಗಾಜಿನ ಶೋಧಕಗಳು ಪರಿಪೂರ್ಣವಲ್ಲದ್ದರಿಂದ ಮೂಲ ಬೆಳಕೇ ಸ್ವಲ್ಪ ಸೋರಿ ಬಂದಿರಬಹುದಲ್ಲವೇ? ಫೆಬ್ರವರಿ 28ರಂದು ರೋಹಿತದರ್ಶಕದ ಮೂಲಕ ನೋಡಿದಾಗ ಮೂಲ ಬೆಳಕಿನ ಪಟ್ಟೆ ಮತ್ತು ಹೊಸ ಬೆಳಕಿನ ಪಟ್ಟೆಯ ನಡುವೆ ಸ್ಪಷ್ಟವಾದ ಕತ್ತಲೆಯ ಅಂತರ ಕಂಡಿತು. ಸೋರಿಕೆಯಾಗಿದ್ದರೆ ಆ ಅಂತರ ಇರುತ್ತಿರಲಿಲ್ಲ. ಮಾರ್ಚ್ 16ರಂದು ಬೆಂಗಳೂರಿನಲ್ಲೇ ಅವರು ಈ ಹೊಸ ವಿಕಿರಣದ ಬಗ್ಗೆ ವಿಸ್ತೃತ ಉಪನ್ಯಾಸ ನೀಡಿದರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಒಂದೊಂದೇ ದೋಷದ ಬಾಗಿಲನ್ನು ಮುಚ್ಚುತ್ತ ಹೋಗಿ, ಕೊನೆಗೆ ಉಳಿದದ್ದನ್ನು ಮಾತ್ರ ಸತ್ಯವೆಂದು ಒಪ್ಪಿಕೊಂಡದ್ದರಿಂದಲೇ ಈ ಗೆಲುವು ದೊರಕಿತು ಎಂದರೆ ತಪ್ಪಾಗಲಾರದು.

ಕಾಣದ ಕೆಂಪು

ಮುಂದಿನ ಕಥೆಗೆ ಅವಕೆಂಪು ಕಿರಣಗಳ ಪರಿಚಯ ಅಗತ್ಯ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಕೆಂಪಿನ ಆಚೆ ಕಣ್ಣಿಗೇನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟರು. ಅದು ಏರಿತು. ಪಕ್ಕದಲ್ಲೇ ಬಣ್ಣ ಬೀಳದ ಕಡೆ ಹೋಲಿಕೆಗಾಗಿ ಬೇರೆ ಉಷ್ಣಮಾಪಕಗಳನ್ನು ಇಟ್ಟಿದ್ದರಿಂದ ಇದು ಕೋಣೆಯ ಸೆಕೆಯಲ್ಲವೆಂದು ಅವರು ಖಚಿತವಾಗಿ ಹೇಳಬಲ್ಲವರಾದರು.

ವಸ್ತುಗಳ ಅಣುಗಳು ಸದಾ ಕಂಪಿಸುತ್ತಿರುತ್ತವೆ. ಈ ಕಂಪನದ ಆವರ್ತನ ಅವಕೆಂಪು ಕಿರಣದ ಆವರ್ತನಕ್ಕೆ ತಾಳೆಯಾದಾಗ ಆ ಕಿರಣವನ್ನು ವಸ್ತು ಹೀರಿಕೊಳ್ಳಬಹುದು. ಯಾವ ಕಿರಣ ಎಷ್ಟು ದಾಟಿತು ಎಂದು ಅಳೆದರೆ ಒಳಗಿನ ಅಣುವಿನ ಗುರುತು ಸಿಗುತ್ತದೆ. 100 ಪಾಲು ಕಳುಹಿಸಿ 40 ಪಾಲು ಆಚೆ ಬಂದರೆ ಪಾರಗಮನ ಪ್ರಮಾಣ ಶೇಕಡ 40. ಅಳೆಯುವ ಯಂತ್ರವೇ ಅವಕೆಂಪು ಸ್ಪೆಕ್ಟ್ರೋಮೀಟರ್. ರಾಮನ್ ಪರಿಣಾಮವೂ ಇದೇ ಕಂಪನಗಳನ್ನು ಕಣ್ಣಿಗೆ ಕಾಣುವ ಬೆಳಕಿನ ಮೂಲಕ ಹೇಳುತ್ತದೆ. ಆದ್ದರಿಂದ ಇವೆರಡೂ ಅಕ್ಕತಂಗಿಯರಿದ್ದಂತೆ. ಕೆಲವು ಕಂಪನಗಳು ಅಕ್ಕನಿಗೆ ಮಾತ್ರ ಕಾಣುತ್ತವೆ, ಕೆಲವು ತಂಗಿಗೆ ಮಾತ್ರ.

ಎರಡು ಸಂಖ್ಯೆಗಳ ಭಾಗಾಕಾರ ಅಷ್ಟೇ ಎಂದು ತೋರುವ ಈ ಅಳತೆಯಲ್ಲಿ ಎಷ್ಟು ಕಡೆ ಎಡವಬಹುದು ನೋಡಿ.

ಮೊದಲನೆಯದು ಮೇಲ್ಮೈ. ವಜ್ರದ ಪ್ರತಿಯೊಂದು ಮುಖವೂ ಬಿದ್ದ ಕಿರಣದಲ್ಲಿ ಸುಮಾರು ಶೇಕಡ 17ನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಮುಖಗಳ ಲೆಕ್ಕ ಸೇರಿದಾಗ, ಒಂದಿಷ್ಟನ್ನೂ ಹೀರದ ವಜ್ರದ ಫಲಕ ಕೂಡ ಶೇಕಡ 71ರ ಆಸುಪಾಸಿನಷ್ಟನ್ನೇ ದಾಟಿಸುತ್ತದೆ. ಉಳಿದ 29ನ್ನು ವಜ್ರ ಹೀರಿತೆಂದು ಬರೆದವನು ಬುಟ್ಟಿಯನ್ನು ಮೀನಿನೊಡನೆ ತೂಗಿದಂತಾಯಿತು.

ಎರಡನೆಯದು ದಪ್ಪ. ಮೇಲ್ಮೈಯ ಲೆಕ್ಕ ಕಳೆದ ಮೇಲೆ 1 ಮಿಲಿಮೀಟರ್ ದಪ್ಪದ ಫಲಕ ಅರ್ಧ ಕಿರಣವನ್ನು ದಾಟಿಸಿದರೆ 2 ಮಿಲಿಮೀಟರ್ ಕಾಲು ಭಾಗವನ್ನು, 3 ಮಿಲಿಮೀಟರ್ ಎಂಟರಲ್ಲಿ ಒಂದು ಭಾಗವನ್ನು ಮಾತ್ರ ದಾಟಿಸುತ್ತದೆ. ದಪ್ಪದ ಅಳತೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಫಲಕ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಕಿರಣ ಓರೆಯಾಗಿ ಬಾಗಿ ಅಳೆಯುವ ಭಾಗವನ್ನೇ ತಪ್ಪಿಸಿಕೊಂಡು ಹೋಗಬಹುದು.

ಮೂರನೆಯದು ಸೊನ್ನೆ. ಯಂತ್ರದೊಳಗೆ ದಾರಿ ತಪ್ಪಿದ ಚೂರು ಬೆಳಕು ಅಳೆಯುವ ಭಾಗಕ್ಕೆ ಬಿದ್ದು ಶೇಕಡ ಅರ್ಧದಷ್ಟು ಹೆಚ್ಚು ತೋರಿಸಿತು ಎನ್ನೋಣ. 40 ಇರುವಲ್ಲಿ 40.5 ಕಂಡರೆ ದೊಡ್ಡ ನಷ್ಟವಿಲ್ಲ. ಆದರೆ ನಿಜವಾಗಿ 1 ಇರುವಲ್ಲಿ 1.5 ಕಂಡರೆ ಒಂದೂವರೆ ಪಟ್ಟಾಯಿತು. ಆದಕಾರಣ ಬಲವಾಗಿ ಹೀರುವ ವಸ್ತುವಿಗೆ ತೆಳು ಫಲಕ, ಮಂದವಾಗಿ ಹೀರುವುದಕ್ಕೆ ದಪ್ಪ ಫಲಕ ಆರಿಸಿಕೊಂಡು, ಓದು ತೀರ ಮೇಲೂ ತೀರ ಕೆಳಗೂ ಹೋಗದಂತೆ ನೋಡಿಕೊಳ್ಳುತ್ತಾರೆ.

ನಾಲ್ಕನೆಯದು ಗಾಳಿ. ನಾವು ಉಸಿರಾಡುವ ಗಾಳಿಯ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಕೂಡ ಅವಕೆಂಪನ್ನು ಹೀರುತ್ತವೆ. ಹೋಲಿಕೆಯ ಓದು ಬೆಳಿಗ್ಗೆ, ವಸ್ತುವಿನ ಓದು ಮಧ್ಯಾಹ್ನ ತೆಗೆದರೆ ನಡುವೆ ಬದಲಾದ ಗಾಳಿಯ ಗುರುತು ವಸ್ತುವಿನ ಹೆಸರಿಗೆ ಬರೆದುಹೋಗುತ್ತದೆ. ಹಳೆಯ ಯಂತ್ರಗಳಲ್ಲಿ ಪಟ್ಟಕ ಮತ್ತು ಕಿಟಕಿಗಳನ್ನು ಉಪ್ಪಿನ ಹರಳಿನಿಂದಲೇ ಮಾಡುತ್ತಿದ್ದರು, ಏಕೆಂದರೆ ಸಾಮಾನ್ಯ ಗಾಜು ದೂರದ ಅವಕೆಂಪನ್ನು ಬಿಡುವುದಿಲ್ಲ. ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೂರುವುದನ್ನು ಕಂಡ ನಮ್ಮ ಓದುಗರಿಗೆ, ಅಂಥ ಕಿಟಕಿ ಮಂಜಾಗದಂತೆ ಕಾಪಾಡುವ ಕಷ್ಟ ಹೇಳಿಕೊಡಬೇಕಾಗಿಲ್ಲ. ಪಾವಗಡದ ಒಣಹವೆಯಲ್ಲಿ ಆ ಕಷ್ಟ ಕಡಿಮೆ, ಅಲ್ಲಿ ಧೂಳಿನದು ಬೇರೆ ಕಥೆ.

ಇವೆಲ್ಲದರ ಮೇಲೆ, ಬೆಚ್ಚಗಿರುವ ವಸ್ತು ತಾನೇ ಅವಕೆಂಪನ್ನು ಸೂಸುತ್ತದೆ. ಅಳೆಯಲು ಇಟ್ಟ ವಸ್ತುವೇ ಒಂದು ಸಣ್ಣ ದೀಪವಾಗಿಬಿಡುತ್ತದೆ!

ಗಮನಿಸಬೇಕಾದ ಮಾತೆಂದರೆ, ಇಂಥ ತಪ್ಪುಗಳು ಮತ್ತೆ ಮತ್ತೆ ಅಳೆದ ಮಾತ್ರಕ್ಕೆ ಹೋಗುವುದಿಲ್ಲ. ಕೈ ನಡುಗಿ ಆಗುವ ಸಣ್ಣಪುಟ್ಟ ಏರಿಳಿತ ನೂರು ಸಲ ಅಳೆದು ಸರಾಸರಿ ತೆಗೆದರೆ ಕರಗುತ್ತದೆ. ತಕ್ಕಡಿಯೇ ತಪ್ಪಿದ್ದರೆ ನೂರು ಸಲ ತೂಗಿದರೂ ನೂರು ಸಲ ಅದೇ ತಪ್ಪು ಬರುತ್ತದೆ. ಒಂದೇ ಉತ್ತರ ಪದೇ ಪದೇ ಬಂತೆಂಬುದು ಅದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ.

ಬೆಂಗಳೂರಿನ ವಜ್ರಗಳು

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ಆಡಳಿತದಲ್ಲಿ ಮನಸ್ತಾಪಗಳು ಬೆಳೆದು 1937ರಲ್ಲಿ ಆ ಹುದ್ದೆ ಬಿಟ್ಟರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ನಂತರ ಮೈಸೂರು ಸಂಸ್ಥಾನ ನೀಡಿದ್ದ ಭೂಮಿಯಲ್ಲಿ ಕಟ್ಟಿದ ತಮ್ಮದೇ ಸಂಸ್ಥೆಗೆ ಹೋದರು. ಮಧುಗಿರಿಯಿಂದ ಬೆಂಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸು. ನಮಗೆ ಪ್ರಶ್ನೆ ಕೇಳಿದ ಹುಡುಗಿಯ ಊರಿನಿಂದ ಅಷ್ಟು ಹತ್ತಿರದಲ್ಲೇ ರಾಮನ್ ಅವರ ಬದುಕಿನ ಉತ್ತರಾರ್ಧ ನಡೆಯಿತು.

ಈ ಅವಧಿಯ ಪ್ರೀತಿಯ ವಸ್ತು ವಜ್ರ. ಮಧ್ಯಪ್ರದೇಶದ ಪನ್ನಾ ಗಣಿಯ ವಜ್ರಗಳೂ ಸೇರಿದಂತೆ ನೂರಾರು ಹರಳುಗಳನ್ನು ಅವರು ಪರೀಕ್ಷಿಸಿದರು. ಅವರನ್ನು ಸೆಳೆದ ಒಗಟು ಹೀಗಿತ್ತು. ಶುದ್ಧ ವಜ್ರದಲ್ಲಿರುವುದು ಇಂಗಾಲದ ಪರಮಾಣುಗಳು ಮಾತ್ರ. ಅದರ ಮುಖ್ಯ ಕಂಪನ ರಾಮನ್ ಪರಿಣಾಮದಲ್ಲಿ ಎದ್ದು ಕಾಣುತ್ತದೆ, ಆದರೆ ಅಂಥ ಸಮರೂಪದ ರಚನೆಯಲ್ಲಿ ಅದೇ ಕಂಪನ ಅವಕೆಂಪನ್ನು ಹೀರಬಾರದು. 1934ರಲ್ಲಿ ಇಂಗ್ಲೆಂಡಿನ ರಾಬರ್ಟ್‌ಸನ್, ಫಾಕ್ಸ್ ಮತ್ತು ಮಾರ್ಟಿನ್ ಎಂಬವರು ವಜ್ರಗಳಲ್ಲಿ ಎರಡು ಬಗೆಯಿರುವುದನ್ನು ತೋರಿಸಿದರು. ಅಪರೂಪದ ಕೆಲವು ವಜ್ರಗಳು ನಿಯಮದಂತೆ ಸುಮಾರು 8 ಮೈಕ್ರಾನಿನ ಸುತ್ತಲಿನ ಅವಕೆಂಪನ್ನು ದಾಟಿಸುತ್ತಿದ್ದವು. ಬಹುಪಾಲು ವಜ್ರಗಳು ಅಲ್ಲೇ ಅದನ್ನು ಹೀರುತ್ತಿದ್ದವು. ಕಣ್ಣಿಗೆ ಎರಡೂ ಒಂದೇ, ಕಿರಣಕ್ಕೆ ಬೇರೆ ಬೇರೆ.

1944ರಲ್ಲಿ ರಾಮನ್ ಅವರು ತಮ್ಮ ವಿವರಣೆ ಮುಂದಿಟ್ಟರು. ವಜ್ರದ ರಚನೆಯಲ್ಲೇ ಭೇದವಿದೆ, ಸಮರೂಪ ಕಡಿಮೆಯಿರುವ ಬಗೆಯ ವಜ್ರ ಅವಕೆಂಪನ್ನು ಹೀರುತ್ತದೆ ಎಂಬುದು ಅದರ ಸಾರ. ಪ್ರಯೋಗಾಲಯವೆಲ್ಲ ವಜ್ರದ ಕೆಲಸದಲ್ಲಿ ತೊಡಗಿತು. ಮುಂದೆ ತಮ್ಮ ಸಂಸ್ಥೆಯಲ್ಲಿ ಬೇರೆ ಬೇರೆ ದಪ್ಪದ ನುಣುಪು ಫಲಕಗಳನ್ನು ಇಟ್ಟು ಅವಕೆಂಪು ಸ್ಪೆಕ್ಟ್ರೋಮೀಟರಿನಲ್ಲಿ ಅಳೆಸಿ, 1962ರಲ್ಲಿ, 73ನೆಯ ವಯಸ್ಸಿನಲ್ಲಿ, ವಜ್ರದ ಅವಕೆಂಪು ಹೀರಿಕೆಯ ಬಗ್ಗೆ ಹಲವು ಭಾಗಗಳ ದೀರ್ಘ ಪ್ರಬಂಧವನ್ನೇ ಪ್ರಕಟಿಸಿದರು. ನಿಲುವು ಬದಲಾಗಿರಲಿಲ್ಲ.

ಆದರೆ ಅಷ್ಟರಲ್ಲಿ ಉತ್ತರ ಬೇರೆ ಕಡೆಯಿಂದ ಬಂದಿತ್ತು. 1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೈಸರ್ ಮತ್ತು ಬಾಂಡ್ ಎಂಬಿಬ್ಬರು ವಜ್ರಗಳೊಳಗಿನ ಸಾರಜನಕವನ್ನು ಅಳೆದು, ಅದು ಹೆಚ್ಚಿದಂತೆ ಈ ಅವಕೆಂಪು ಹೀರಿಕೆಯೂ ಹೆಚ್ಚುವುದನ್ನು ತೋರಿಸಿದರು. ಬಹುಪಾಲು ವಜ್ರಗಳ ಹೀರಿಕೆಗೆ ಕಾರಣ ರಚನೆಯ ಭೇದವಲ್ಲ, ಇಂಗಾಲದ ನಡುವೆ ನುಸುಳಿದ ಸಾರಜನಕ. ಅಂದರೆ ಕಲ್ಮಶ!

ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೆ ಬೇಕೇ? ಕಲ್ಮಶದ ಅನುಮಾನವನ್ನು ಐದು ವರ್ಷ ಬೆನ್ನಟ್ಟಿ, ಅದು ಕಲ್ಮಶವಲ್ಲವೆಂದು ಸಾಧಿಸಿ ನೊಬೆಲ್ ಗೆದ್ದ ಮಹನೀಯರು, ನಿಜವಾಗಿಯೂ ಕಲ್ಮಶವೇ ಕಾರಣವಾಗಿದ್ದಲ್ಲಿ ಅದನ್ನು ಒಪ್ಪಲಿಲ್ಲ. ಸುಳಿವು ಕಣ್ಣೆದುರೇ ಇತ್ತು ಎಂದು ಇಂದು ನಮಗೆ ಅನಿಸುತ್ತದೆ. ಶುದ್ಧ ವಸ್ತುವಿನ ಸ್ವಂತ ಗುಣವಾದರೆ ಒಂದೇ ದಪ್ಪದ ಎಲ್ಲ ಹರಳುಗಳಲ್ಲೂ ಒಂದೇ ಸಮ ಇರಬೇಕು. ಇಲ್ಲಿ ಹರಳಿನಿಂದ ಹರಳಿಗೆ ಹೀರಿಕೆ ಏರಿಳಿಯುತ್ತಿತ್ತು. ದ್ರವವನ್ನಾದರೆ ಭಟ್ಟಿ ಇಳಿಸಿ ಶುದ್ಧಗೊಳಿಸಬಹುದು, ವಜ್ರವನ್ನು ಭಟ್ಟಿ ಇಳಿಸುವವರು ಯಾರು? 1923ರ ಆ ಪರೀಕ್ಷೆ ಇಲ್ಲಿ ಸಾಧ್ಯವಿರಲಿಲ್ಲ. ತಿಳಿಯಾದ ವಜ್ರ ಶುದ್ಧವೇ ಇರಬೇಕೆಂಬ ನಂಬಿಕೆ ಆ ಪರೀಕ್ಷೆಯ ಜಾಗದಲ್ಲಿ ಕುಳಿತುಬಿಟ್ಟಿತು.

ರಾಮನ್ ಅವರ ಅಳತೆಗಳು ಕೆಟ್ಟವಾಗಿದ್ದವೆಂದು ಯಾರೂ ಭಾವಿಸಬಾರದು. ಯಂತ್ರ ತೋರಿಸಿದ ಗೆರೆ ಗೆರೆಯೇ. ವಜ್ರ ಕಿರಣವನ್ನು ಹೀರಿದ್ದು ನಿಜ. ಎಡವಿದ್ದು ಆ ಅಂಕಿಗೆ ಅರ್ಥ ಹಚ್ಚುವಲ್ಲಿ. ಮೇಲ್ಮೈ, ದಪ್ಪ, ಸೊನ್ನೆ, ಗಾಳಿ ಎಲ್ಲವನ್ನೂ ಕಳೆದ ಮೇಲೂ ಒಂದು ದೋಷದ ಮೂಲ ಉಳಿಯುತ್ತದೆ. ಅದು ಅಳೆಯುವವನ ಪೂರ್ವನಿಶ್ಚಯ. ಹರಳಿನ ಕಂಪನಗಳ ಬಗ್ಗೆ ಮ್ಯಾಕ್ಸ್ ಬಾರ್ನ್ ಅವರೊಡನೆ ನಡೆದ ದೀರ್ಘ ವಾದದಲ್ಲೂ ಹೀಗೆಯೇ ಆಯಿತು. 1935ರಲ್ಲಿ ಬೆಂಗಳೂರಿಗೆ ತಾವೇ ಕರೆಸಿಕೊಂಡ ಆ ಜರ್ಮನ್ ವಿಜ್ಞಾನಿಯ ಸಿದ್ಧಾಂತವನ್ನು ರಾಮನ್ ಅವರು ಕೊನೆಯವರೆಗೂ ಒಪ್ಪಲಿಲ್ಲ. ನ್ಯೂಟ್ರಾನ್ ಪ್ರಯೋಗಗಳು ಬಂದಾಗ ತಕ್ಕಡಿ ಬಾರ್ನ್ ಅವರ ಕಡೆಗೇ ವಾಲಿತು.

ಶಿಷ್ಯೆ ಹಿಡಿದ ದಾರಿ

ಅದೇ ವಜ್ರದ ಪ್ರಯೋಗಾಲಯದಲ್ಲಿ 1940ರಿಂದ 1945ರವರೆಗೆ ಕೇರಳದ ಪೀರುಮೇಡಿನ ಅಣ್ಣಾ ಮಣಿ ಎಂಬ ಯುವತಿ ದುಡಿದರು. ವಜ್ರ ಹಾಗೂ ಮಾಣಿಕ್ಯಗಳು ಸೂಸುವ ಮಂದ ಬೆಳಕನ್ನು ಛಾಯಾಚಿತ್ರ ಫಲಕದಲ್ಲಿ ಹಿಡಿಯಲು ಒಮ್ಮೊಮ್ಮೆ 15ರಿಂದ 20 ಗಂಟೆ ಬೇಕಾಗುತ್ತಿತ್ತು, ರಾತ್ರಿಯೂ ಅಲ್ಲೇ. ಐದು ಪ್ರಬಂಧ ಬರೆದರೂ, ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಅವರು ಮುನಿದು ಮನೆಗೆ ಹೋಗಲಿಲ್ಲ. ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಭಾರತದ ಹವಾಮಾನ ಇಲಾಖೆ ಸೇರಿ, ದೇಶದೊಳಗೇ ಉಪಕರಣ ತಯಾರಿಸಿ, ಒಂದನ್ನೊಂದಕ್ಕೆ ತಾಳೆ ನೋಡುವ ಶಿಸ್ತನ್ನು ಕಟ್ಟಿದರು. ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ದೇಶದ ಯಾವ ಊರಿಗೆ ಎಷ್ಟು ಬಿಸಿಲು ಬೀಳುತ್ತದೆ ಎಂಬ ಅವರ ಕೈಪಿಡಿ 1980ರಲ್ಲಿ ಹೊರಬಂತು. ಸೌರಶಕ್ತಿಯವರಿಗೆ ಅದು ಆಧಾರಗ್ರಂಥವಾಯಿತು.

ಈಗ ಪಾವಗಡಕ್ಕೆ ಬರೋಣ. ಮಧುಗಿರಿಯ ಕಾರ್ಯಕ್ರಮದ ಮರುದಿನ ನಮ್ಮ ಮಿತ್ರರು ನಮ್ಮನ್ನು ತಿರುಮಣಿಯ ಕಡೆಗೆ ಕರೆದೊಯ್ದಿದ್ದರು. ಬರದ ತಾಲೂಕೆಂದೇ ಹೆಸರಾದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರಲ್ಲಿ ಪೂರ್ಣಗೊಂಡಿತು. ಕಣ್ಣು ಹಾಯುವಷ್ಟು ದೂರ ಗಾಜಿನ ಹೊಲ. ಒಂದು ಹನಿ ಮಳೆಗೆ ಕಾದ ನೆಲ ಈಗ ಬಿಸಿಲನ್ನೇ ಕೊಯ್ಯುತ್ತಿದೆ.

ಅಲ್ಲಿಯೂ ಮತ್ತದೇ ಪಾರಗಮನದ ಲೆಕ್ಕ. ಗಾಜಿನ ಮೇಲ್ಮೈ ಶೇಕಡ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಗಾಜಿನೊಳಗೆ ಕಬ್ಬಿಣದ ಅಂಶ ಸೇರಿದ್ದರೆ ಅದು ಕೆಂಪಿನ ಆಚೆಯ ಸಮೀಪದ ಅವಕೆಂಪನ್ನು ಹೀರುತ್ತದೆ. ಸೌರಫಲಕದ ಸಿಲಿಕಾನ್ ವಿದ್ಯುತ್ತಾಗಿಸಬಲ್ಲ ಕಿರಣಗಳಲ್ಲಿ ಅದೂ ಒಂದು ಪಾಲು. ಕಿಟಕಿಯ ಗಾಜನ್ನು ಅಂಚಿನ ಕಡೆಯಿಂದ ನೋಡಿದರೆ ಹಸಿರಾಗಿ ಕಾಣುವುದಲ್ಲವೇ? ಆ ಹಸಿರೇ ಕಬ್ಬಿಣದ ಗುರುತು. ಹಾಗಾಗಿ ಸೌರಫಲಕಗಳಿಗೆ ಕಬ್ಬಿಣ ಕಡಿಮೆಯಿರುವ ಗಾಜನ್ನೇ ಬಳಸುತ್ತಾರೆ. ಇನ್ನು ಮೇಲೆ ಕೂರುವ ಧೂಳು. ಅದನ್ನು ಒರೆಸದೆ ಅಳೆದವನು ಒಳ್ಳೆಯ ಫಲಕವನ್ನೂ ಕೆಟ್ಟದೆಂದು ಬರೆದಾನು. ವಜ್ರದ ಸಾರಜನಕವಾಗಲಿ, ಗಾಜಿನ ಕಬ್ಬಿಣವಾಗಲಿ, ಪಾವಗಡದ ಧೂಳಾಗಲಿ, ಎಲ್ಲವೂ ಅಳೆಯುವವನಿಗೆ ಕೇಳುವ ಪ್ರಶ್ನೆ ಒಂದೇ. ಇದು ಕಲ್ಲಿನ ಗುಣವೋ, ಕಲ್ಮಶವೋ?

ಮರದ ನೆರಳು

1954ರಲ್ಲಿ ಭಾರತ ರತ್ನ ಪಡೆದ ರಾಮನ್ ಅವರು ಮುಪ್ಪಿನಲ್ಲೂ ಮಕ್ಕಳನ್ನು ಕಂಡರೆ ಅರಳುತ್ತಿದ್ದರು. ಪ್ರತಿವರ್ಷ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ನೀಡುವುದು ಅವರ ಪದ್ಧತಿ. 1970ರಲ್ಲೂ ಅದನ್ನು ತಪ್ಪಿಸಲಿಲ್ಲ. ಅದಾದ ಬಳಿಕ ಕುಸಿದರು. ಆಸ್ಪತ್ರೆಯಲ್ಲಿ ಸಾಯಲು ಇಷ್ಟವಿಲ್ಲದೆ ತಮ್ಮ ಸಂಸ್ಥೆಗೇ ಮರಳಿ, ನವೆಂಬರ್ 21ರಂದು ಕೊನೆಯುಸಿರೆಳೆದರು. ಅಂತ್ಯಸಂಸ್ಕಾರ ಅಲ್ಲಿನ ತೋಟದಲ್ಲೇ ನಡೆಯಿತು. ಅಲ್ಲಿ ಗೋರಿಯಿಲ್ಲ, ಪ್ರತಿಮೆಯಿಲ್ಲ. ಒಂದು ಮರವಿದೆ.

ಮಧುಗಿರಿಯ ಆ ಮಗುವಿಗೆ ಈಗ ನಾವು ಹೇಳಬಹುದು. ಹೌದಮ್ಮಾ, ರಾಮನ್ ಅವರು ತಪ್ಪು ಮಾಡಿದರು. ಅದು ಅವರನ್ನು ಸಣ್ಣವರನ್ನಾಗಿಸುವುದಿಲ್ಲ. ಗೆದ್ದಾಗ ಹೇಗೆ ಗೆದ್ದರೆಂಬ ದಾರಿಯನ್ನು ಅವರೇ ತೋರಿಸಿಕೊಟ್ಟಿದ್ದಾರೆ. ಆ ದಾರಿಯಿಂದ ಅವರೇ ಸರಿದಾಗ ಏನಾಯಿತೆಂಬುದನ್ನೂ ಅವರ ವಜ್ರಗಳು ತೋರಿಸುತ್ತವೆ. ನಿನ್ನ ಶಾಲೆಯ ಪ್ರಯೋಗಾಲಯದಲ್ಲಿ ಬಂದ ಓದು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ಅದನ್ನು ಅಳಿಸಿ ತಿದ್ದಬೇಡ. ಬಂದದ್ದನ್ನು ಬಂದಂತೆ ಬರೆ. ಆಮೇಲೆ ಮೇಲ್ಮೈಯನ್ನು ನೋಡು, ಸೊನ್ನೆಯನ್ನು ನೋಡು, ಧೂಳನ್ನು ನೋಡು. ಕೊನೆಗೆ ನಿನ್ನ ಮನಸ್ಸು ಮೊದಲೇ ಏನನ್ನು ನಿರ್ಧರಿಸಿಬಿಟ್ಟಿತ್ತು ಎಂಬುದನ್ನೂ ಮರೆಯದೆ ನೋಡು.

ಅಂದು ನಿನ್ನ ಪ್ರಶ್ನೆಗೆ ನಕ್ಕವರಲ್ಲಿ ನಾವೂ ಇದ್ದೆವು. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.